ಕಾವಲು ಮತ್ತು ಕಾಳಜಿ

ನಾನಿರುವ ರೆಡಿಂಗ್ ಊರಿನಲ್ಲಿ, ಹಳೆಯ ಕ್ರೈಸ್ತ ಮಠದ ಅವಶೇಷಗಳ ಪಕ್ಕದಲ್ಲೇ ಒಂದು ಇಟ್ಟಿಗೆಯ ಜೈಲಿದೆ. 2013ರಲ್ಲಿ ಮುಚ್ಚಿದ ಈ ಜೈಲಿಗೆ ಲೋಕಪ್ರಸಿದ್ಧಿ ಬಂದದ್ದು ಅಲ್ಲಿ ಕೈದಿಯಾಗಿದ್ದ ಆಸ್ಕರ್ ವೈಲ್ಡ್‌ನಿಂದ. 1898ರಲ್ಲಿ ಆತ ‘ದ ಬ್ಯಾಲಡ್ ಆಫ್ ರೆಡಿಂಗ್ ಜೈಲ್’ ಎಂಬ 109 ಪದ್ಯಗಳ ಕಥನಕವನವನ್ನು ಪ್ರಕಟಿಸಿದಾಗ, ಕವಿಯ ಹೆಸರಿನ ಜಾಗದಲ್ಲಿ ಇದ್ದದ್ದು ‘ಸಿ.3.3’ ಎಂಬ ಕೋಣೆಯ ಸಂಖ್ಯೆ. ಹೆಂಡತಿಯನ್ನು ಕೊಂದು, 1896ರ ಜುಲೈ 7ರಂದು ಅಲ್ಲಿ ಗಲ್ಲಿಗೇರಿದ ಸೈನಿಕನೊಬ್ಬನನ್ನು ಕುರಿತ ಕವನ ಅದು.

ಈ ಕವನವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಪ್ರೀತಿ ಮತ್ತು ಕೊಲೆಯ ಬಗೆಗಿನ ಅದರ ಪಲ್ಲವಿ. ನನ್ನ ಮಟ್ಟಿಗೆ ಅದೇ ಇದರ ದುರ್ಬಲ ಭಾಗ. ಎಲ್ಲರೂ ಒಂದಲ್ಲ ಒಂದು ಬಗೆಯ ಕೊಲೆಗಾರರೇ ಎಂದುಬಿಟ್ಟರೆ, ಸತ್ತ ಹೆಣ್ಣುಮಗಳು ಲೆಕ್ಕದಿಂದಲೇ ಬಿಟ್ಟುಹೋಗುತ್ತಾಳೆ. ಕವನದ ನಿಜವಾದ ಬಲ ಇರುವುದು ಕಾವಲಿನ ಪದ್ಯಗಳಲ್ಲಿ.

ಗಲ್ಲಿನ ಕೈದಿಯನ್ನು ಹಗಲೂ ರಾತ್ರಿ ಕಾಯುತ್ತಾರೆ. ಅವನು ಬದುಕಲಿ ಎಂದಲ್ಲ, ನೇಣಿಗೆ ಮೊದಲೇ ತಾನಾಗಿ ಸತ್ತು ಜೈಲಿನ ಕೈತಪ್ಪಿಹೋಗದಿರಲಿ ಎಂದು. ಜೈಲಿನ ಮುಖ್ಯಸ್ಥ ನಿಯಮ ಬಲ್ಲವನು. ವೈದ್ಯನಿಗೆ ಸಾವು ಬರಿಯ ವಿಜ್ಞಾನದ ವಿಷಯ. ಪಾದ್ರಿ ದಿನಕ್ಕೆರಡು ಸಲ ಬಂದು ಧಾರ್ಮಿಕ ಕಿರುಹೊತ್ತಗೆಯೊಂದನ್ನು ಇಟ್ಟು ಹೋಗುತ್ತಾನೆ. ಆಡಿಟ್ ನನ್ನ ವೃತ್ತಿ. ಆ ಕಣ್ಣಿನಿಂದ ನೋಡಿದರೆ ಇಲ್ಲಿ ಯಾವ ಲೋಪವೂ ಇಲ್ಲ, ಎಲ್ಲ ಕಾಲಂಗಳೂ ಭರ್ತಿಯಾಗಿವೆ. ಆ ಮನುಷ್ಯನ ಮಾತನ್ನು ಯಾರಾದರೂ ಕೇಳಿಸಿಕೊಂಡರೇ ಎಂಬ ಕಾಲಂ ಮಾತ್ರ ಇಲ್ಲ.

ವೈಲ್ಡ್ ಇದನ್ನು ದೂರ ನಿಂತು ಬರೆದವನಲ್ಲ. ಆ ನೇಣಿಗೆ ಐದು ದಿನ ಮೊದಲು, ಜುಲೈ 2ರಂದು, ತನಗೆ ಹುಚ್ಚು ಹಿಡಿದೀತೆಂಬ ಭಯವನ್ನು ಗೃಹ ಸಚಿವರಿಗೆ ಬರೆದ ಅರ್ಜಿಯಲ್ಲಿ ತೋಡಿಕೊಂಡಿದ್ದ. ಬಿಡುಗಡೆ ಸಿಗಲಿಲ್ಲ, ಇನ್ನಷ್ಟು ಪುಸ್ತಕಗಳು, ಬರೆಯಲು ಕಾಗದ ಸಿಕ್ಕವು. 1897ರಲ್ಲಿ ಅದೇ ಕೋಣೆಯಲ್ಲಿ, ಮುಂದೆ ‘ಡಿ ಪ್ರೊಫಂಡಿಸ್’ ಎಂದು ಹೆಸರಾದ ದೀರ್ಘ ಪತ್ರವನ್ನು ಬರೆದ. ಹಿಂದೆ ವಾಂಡ್ಸ್‌ವರ್ತ್ ಜೈಲಿನಲ್ಲಿದ್ದಾಗ ಸಾವೊಂದೇ ತನ್ನ ಬಯಕೆಯಾಗಿತ್ತು ಎಂದು ಅದರಲ್ಲಿ ಹೇಳಿಕೊಳ್ಳುತ್ತಾನೆ. ಕವನವನ್ನೂ ಪತ್ರವನ್ನೂ ಜೊತೆಗಿಟ್ಟು ಓದಬೇಕು. ಒಂದರಲ್ಲಿ ಬರಿಯ ಕಾವಲಿದೆ. ಸ್ವಲ್ಪ ಕಾಗದ, ಕೊಂಚ ಕರುಣೆ ಸಿಕ್ಕರೆ ಮನುಷ್ಯ ಮತ್ತೆ ಹೇಗೆ ಮಾತಿಗೆ ಬರುತ್ತಾನೆ ಎಂಬುದು ಇನ್ನೊಂದರಲ್ಲಿದೆ.

ಅಂದಿನ ಜೈಲಿನಲ್ಲಿ ಕೈದಿಗಳು ಪರಸ್ಪರ ಮಾತಾಡಿದರೆ ಶಿಕ್ಷೆ. 1991ರಲ್ಲಿ ವೇಲ್ಸ್‌ನ ಸ್ವಾನ್ಸಿ ಜೈಲಿನಲ್ಲಿ ಸಮಾರಿಟನ್ಸ್ ಸಂಸ್ಥೆ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು: ಕೈದಿಗಳಿಗೇ ತರಬೇತಿ ಕೊಟ್ಟು ಅವರನ್ನು ‘ಲಿಸನರ್’ ಮಾಡಿತು. ಅವರು ಉಪದೇಶ ಮಾಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಜೈಲು ಸೇರಿದ ಮೊದಲ ದಿನಗಳಲ್ಲೇ ಆತ್ಮಹತ್ಯೆಯ ಅಪಾಯ ಹೆಚ್ಚು. ಆ ರಾತ್ರಿಗಳಲ್ಲಿ ಬಾಗಿಲ ಕಿಂಡಿಯಿಂದ ಇಣುಕುವ ಕಣ್ಣಿಗಿಂತ ಎದುರು ಕೂತ ಕಿವಿ ದೊಡ್ಡದು.

ಇದು ಇಂಗ್ಲೆಂಡಿನ ಕಥೆ ಮಾತ್ರವಲ್ಲ. ಪರಪ್ಪನ ಅಗ್ರಹಾರದ ಕೈದಿಗಳನ್ನು ಕುರಿತು ನಿಮ್ಹಾನ್ಸ್ 2011ರಲ್ಲಿ ವರದಿ ಪ್ರಕಟಿಸಿತು. ಐದು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಆ ಅಧ್ಯಯನದ ಪ್ರಕಾರ, ವ್ಯಸನಗಳನ್ನು ಬಿಟ್ಟು ಎಣಿಸಿದರೂ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೈದಿಗಳಿಗೆ ಮಾನಸಿಕ ಕಾಯಿಲೆ ಇತ್ತು. ನಮ್ಮ ದೇಶದ ಜೈಲುಗಳಲ್ಲಿ ಬಹುಪಾಲು ಜನ ಇನ್ನೂ ತೀರ್ಪೇ ಬಾರದ ವಿಚಾರಣಾಧೀನರು ಎಂಬುದನ್ನೂ ಇದರ ಜೊತೆಗೆ ನೆನೆಯಬೇಕು.

ಕೈದಿ ಸತ್ತಾಗ ಕಾವಲು ಸರಿಯಿತ್ತೇ ಎಂದು ನಾವು ಮೊದಲು ಕೇಳುತ್ತೇವೆ. ಆ ಕಾವಲು ಯಾರಿಗಾಗಿ, ಅವನ ಜೀವಕ್ಕೋ ಜೈಲಿನ ಲೆಕ್ಕಕ್ಕೋ ಎಂದು ಕೇಳಲು ವೈಲ್ಡ್‌ನ ಕವನ ಕಲಿಸುತ್ತದೆ. ಪಲ್ಲವಿ ಮರೆತರೂ ಪರವಾಗಿಲ್ಲ, ಈ ಪ್ರಶ್ನೆ ಮರೆಯಬಾರದು.