ಹೊಳೆ ಮತ್ತು ಹೊಳಲು: ಹೊಸಹೊಳಲಿನ ಹೆಸರನ್ನು ಕುರಿತು

ಸ್ಥಳನಾಮಗಳ ಅಧ್ಯಯನದಲ್ಲಿ ಸಂಶೋಧಕನನ್ನು ದಾರಿ ತಪ್ಪಿಸುವುದು ಅಪರಿಚಿತ ಶಬ್ದಕ್ಕಿಂತ ಹೆಚ್ಚಾಗಿ ಪರಿಚಿತವೆಂದು ತೋರುವ ಶಬ್ದ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಇದಕ್ಕೆ ಉತ್ತಮ ನಿದರ್ಶನ. ‘ಹೊಳಲು’ ಇಂದು ಊರ ಹೆಸರುಗಳಲ್ಲಿ ಮಾತ್ರ ಉಳಿದಿರುವ ಶಬ್ದ. ‘ಹೊಳೆ’ ಎಲ್ಲರ ನಾಲಗೆಯ ಮೇಲಿರುವ ಶಬ್ದ. ತಾಲ್ಲೂಕಿನಲ್ಲಿ ಹೇಮಾವತಿ ಹರಿಯುವುದರಿಂದ ಊರಿನ ಹೆಸರನ್ನು ಹೊಳೆಗೆ ಹೊಂದಿಸಿ ಅರ್ಥೈಸುವುದು ಸುಲಭ. ಆ ಅರ್ಥೈಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊಳಲು ಶಬ್ದದ ಹಳಗನ್ನಡ ರೂಪ ‘ಪೊೞಲ್’, ಅರ್ಥ ಪಟ್ಟಣ. ತೆಲುಗಿನ ‘ಪ್ರೋಲು’ ಇದರ ಜ್ಞಾತಿಶಬ್ದ. ಆಂಧ್ರದ ಭಟ್ಟಿಪ್ರೋಲು ಎಂಬಲ್ಲಿ ಅದು ಉಳಿದಿದೆ. ಹೊಳೆಗೆ ಮಲಯಾಳದ ‘ಪುೞ’ ಜ್ಞಾತಿ. ಅಲ್ಲಿಯೂ ಅರ್ಥ ನದಿಯೇ. ಎರಡು ಶಬ್ದಗಳಲ್ಲಿಯೂ ಆದಿಯ ಪಕಾರ ಹಕಾರವಾಗಿದೆ, ೞಕಾರ ಳಕಾರವಾಗಿದೆ. ಧ್ವನಿಯಲ್ಲಿ ಇಷ್ಟು ಸಮೀಪವಾದ ಇವು ಸೋದರ ಭಾಷೆಗಳಲ್ಲಿ ಬೇರೆ ಬೇರೆ ಅರ್ಥಗಳನ್ನೇ ಕಾಪಾಡಿಕೊಂಡಿವೆ. ಇನ್ನು ಪ್ರಕಾಶಿಸು ಎಂಬ ಅರ್ಥದ ‘ಹೊಳೆ’ಯ ಮೂಲ ೞಕಾರವಿಲ್ಲದ ‘ಪೊಳೆ’. ಇಂದಿನ ಒಂದೇ ಬರಹರೂಪ ಎರಡು ಶಬ್ದಗಳನ್ನು ಮುಚ್ಚಿರುವುದು ಇದರಿಂದ ಸ್ಪಷ್ಟವಾಗುತ್ತದೆ.

ಹೊಸಹೊಳಲಿನ ಲಕ್ಷ್ಮೀನಾರಾಯಣ ತ್ರಿಕೂಟ ದೇವಾಲಯ 13ನೆಯ ಶತಮಾನದ ನಡುಭಾಗದ್ದು, ಹೊಯ್ಸಳ ಸೋಮೇಶ್ವರನ ಕಾಲದ್ದೆಂದು ಪರಿಗಣಿತವಾದುದು. ಅದೇ ಸೋಮೇಶ್ವರನಿಗಾಗಿ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗನೇ ಕೇಶಿರಾಜ. ಅವನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಬಳಕೆಯಲ್ಲಿ ಭೇದ ಅಳಿಯತೊಡಗಿದಾಗಲೇ ವೈಯಾಕರಣನು ಅದನ್ನು ಹೀಗೆ ಕಾಯಬೇಕಾಗುತ್ತದೆ.

ನಾಮರಚನೆಯೂ ಇದೇ ನಿರ್ಣಯವನ್ನು ಪೋಷಿಸುತ್ತದೆ. ಹೊಳೆನರಸೀಪುರ, ಹೊಳೆಆಲೂರುಗಳಲ್ಲಿ ‘ಹೊಳೆ’ ಪೂರ್ವಪದವಾಗಿ ನಿಂತು ಊರನ್ನು ವಿಶೇಷಿಸುತ್ತದೆ. ಅದರ ರೂಪವೂ ಎಕಾರಾಂತವಾಗಿಯೇ ಉಳಿಯುತ್ತದೆ. ಹೊಸಹೊಳಲಿನಲ್ಲಾದರೋ ‘ಹೊಳಲು’ ಉತ್ತರಪದ, ಅದೇ ಊರು. ಮಂಡ್ಯ ತಾಲ್ಲೂಕಿನ ಹೊಳಲುವಿನಲ್ಲಿ ಅದೊಂದೇ ಊರ ಹೆಸರಾಗಿ ನಿಂತಿದೆ. ಹೊಸಕೋಟೆ, ಹೊಸಪೇಟೆ, ಹೊಸೂರುಗಳಲ್ಲಿರುವಂತೆ ‘ಹೊಸ’ ಎಂಬ ವಿಶೇಷಣ ಮನುಷ್ಯನು ಕಟ್ಟಿದುದಕ್ಕೆ ಸಲ್ಲುತ್ತದೆ. ಪಟ್ಟಣ ಹೊಸದಾಗಿ ಹುಟ್ಟಬಲ್ಲದು. ಹೊಳೆಯನ್ನು ಹಾಗೆ ಕರೆಯುವ ಸಂದರ್ಭ ವಿರಳ. ಆದುದರಿಂದ ಹೊಸಹೊಳಲು ಎಂದರೆ ಹೊಸ ಪಟ್ಟಣ ಎಂಬ ಅರ್ಥವೇ ಯುಕ್ತ.

ಹಾಗೆಂದು ಜನನಿರುಕ್ತಿಯನ್ನು ತಳ್ಳಿಹಾಕುವುದು ಜಾನಪದ ವಿದ್ವಾಂಸನ ಕೆಲಸವಲ್ಲ. ಅರ್ಥ ಮರೆತ ಹೆಸರಿಗೆ ಜನ ತಮ್ಮ ನೆಲದಿಂದಲೇ ಅರ್ಥ ಕೊಡುತ್ತಾರೆ. ಅದು ಅವರ ಕಲ್ಪನೆಯ ದಾಖಲೆ. ಅದನ್ನೇ ಊರಿನ ಚರಿತ್ರೆಯೆಂದು ಬರೆದುಕೊಂಡರೆ, ಈ ನೆಲದಲ್ಲಿ ಒಮ್ಮೆ ಪಟ್ಟಣವೊಂದಿತ್ತು ಎಂಬ ಸಾಕ್ಷ್ಯವನ್ನು ನಮ್ಮ ಕೈಯಾರೆ ಅಳಿಸಿದಂತಾಗುತ್ತದೆ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಇವೆರಡೂ ಇರಲಿ, ಆದರೆ ಬೇರೆ ಬೇರೆಯಾಗಿ ಇರಲಿ.