ಹಾಸ್ಯದಲ್ಲಿ ಉಳಿದ ಕರುಣ: ‘ಸ್ಕಾಟ್ಲೆಂಡ್, ಪಿ.ಎ.’ ಚಲಚ್ಚಿತ್ರದ ವಿಮರ್ಶೆ

ದುರಂತನಾಟಕದ ನಾಯಕನು ಉನ್ನತಪದವಿಯಲ್ಲಿರತಕ್ಕವನೆಂಬುದು ಅರಿಸ್ಟಾಟಲನ ಕಾಲದಿಂದ ಪಾಶ್ಚಾತ್ಯರಲ್ಲಿ ಬೆಳೆದುಬಂದ ಮತ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಎಂ. ಎಲ್. ಶ್ರೀಕಂಠೇಶಗೌಡರು ೧೮೯೫ರಲ್ಲಿ ‘ಪ್ರತಾಪರುದ್ರದೇವ’ವೆಂದು ಕನ್ನಡಕ್ಕೆ ಅಳವಡಿಸಿದಾಗಲೂ ರಾಜ್ಯಲೋಭದ ಕಥೆಯನ್ನು ಅರಮನೆಯಿಂದ ಹೊರತರಲಿಲ್ಲ. ಬಿಲ್ಲಿ ಮಾರಿಸೆಟ್ ನಿರ್ದೇಶಿಸಿದ ೨೦೦೧ರ ಅಮೆರಿಕದ ಚಿತ್ರ ‘ಸ್ಕಾಟ್ಲೆಂಡ್, ಪಿ.ಎ.’ ಆ ಅರಮನೆಯನ್ನೇ ತೆಗೆದುಹಾಕಿದೆ.

ಇಲ್ಲಿಯ ಡಂಕನ್ ಅರಸನಲ್ಲ. ೧೯೭೦ರ ದಶಕದ ಪೆನ್ಸಿಲ್ವೇನಿಯದ ಚಿಕ್ಕ ಊರೊಂದರಲ್ಲಿ ಹ್ಯಾಂಬರ್ಗರ್ ಮಾರುವ ಉಪಾಹಾರಗೃಹದ ಒಡೆಯ. ಮ್ಯಾಕ್ ಮತ್ತು ಆತನ ಹೆಂಡತಿ ಪ್ಯಾಟ್ ಅಲ್ಲಿಯ ಕೆಲಸಗಾರರು. ನಾಟಕದ ಡಂಕನ್ ಮಗನನ್ನು ಉತ್ತರಾಧಿಕಾರಿಯೆಂದು ಸಾರಿದಂತೆ, ಇಲ್ಲಿಯವನು ಮೇಲ್ವಿಚಾರಕನ ಹುದ್ದೆಯನ್ನು ಮಗನಿಗೆ ಕೊಡುತ್ತಾನೆ. ಮೂವರು ಮಾಟಗಾತಿಯರು ಮೂವರು ಹಿಪ್ಪಿಗಳಾಗಿದ್ದಾರೆ; ಅವರು ಸೂಚಿಸುವ ಮಹಾಭಾಗ್ಯವೋ, ಗಿರಾಕಿಯು ಕಾರಿನಿಂದಿಳಿಯದೆ ಕಿಟಕಿಯಲ್ಲಿ ಆಹಾರವನ್ನು ಕೊಳ್ಳುವ ಏರ್ಪಾಡು. ಇಂತಹ ಭಾಗ್ಯಕ್ಕಾಗಿ ಡಂಕನ್ನನು ಕುದಿಯುವ ಎಣ್ಣೆಗೆ ಆಹುತಿಯಾಗುತ್ತಾನೆ.

ಭರತಮುನಿಯು ವೇಷಾದಿಗಳ ವಿಕೃತಿಯನ್ನು ಹಾಸ್ಯಕ್ಕೆ ವಿಭಾವವೆಂದನು. ಅಭಿನವಗುಪ್ತನು ಮುಂದುವರಿದು, ಅನೌಚಿತ್ಯವೇ ಹಾಸ್ಯಕ್ಕೆ ಕಾರಣವೆಂದೂ, ಯಾವ ರಸದ ಆಭಾಸವಾದರೂ ಹಾಸ್ಯದಲ್ಲಿ ಪರಿಣಮಿಸಬಲ್ಲುದೆಂದೂ ನಿರ್ಣಯಿಸಿದನು. ಈ ಚಿತ್ರವು ಆ ನಿರ್ಣಯಕ್ಕೆ ತಕ್ಕ ಉದಾಹರಣೆ. ಲೋಭದ ವಸ್ತು ಅಲ್ಪವಾಯಿತು, ಲೋಭವು ಅಲ್ಪವಾಗಲಿಲ್ಲ. ಸಿಂಹಾಸನಕ್ಕೆ ತಕ್ಕ ಆಸೆ ಬಾಣಲೆಯ ಮುಂದೆ ನಿಂತಿರುವುದರಿಂದ ನಗೆ ಹುಟ್ಟುತ್ತದೆ.

ಹಾಗಾದರೆ ಇದು ಬರಿಯ ಅಣಕವೆ? ಅಲ್ಲವೆಂಬುದಕ್ಕೆ ಪ್ಯಾಟಳ ಕೈಯೇ ಸಾಕ್ಷಿ. ಕೊಲೆಯ ವೇಳೆ ಸಿಡಿದ ಎಣ್ಣೆಯಿಂದ ಆ ಕೈ ಸುಟ್ಟಿರುತ್ತದೆ. ಗಾಯ ಮಾಯುತ್ತದೆ, ಆದರೆ ಅದು ಮಾಯಿತೆಂದು ಯಾರು ಹೇಳಿದರೂ ಆಕೆ ನಂಬಳು. ಮೊದಲು ಈ ಹಠಕ್ಕೆ ನಕ್ಕ ಪ್ರೇಕ್ಷಕನು, ಕೊನೆಗೆ ಆಕೆ ಮಾಂಸ ಕಡಿಯುವ ಕತ್ತಿಯಿಂದ ಆ ಕೈಯನ್ನೇ ಕಡಿದುಕೊಂಡು ಸಾಯುವಾಗ ನಗಲಾರನು. ಮೂಲದ ರಾಣಿಗೆ ನಿದ್ರೆಯಲ್ಲಿ ಕಾಣುವ ರಕ್ತ ಪರರದು. ಪ್ಯಾಟಳಿಗೆ ಕಾಣುವುದು ತನ್ನ ಚರ್ಮದ ಗಾಯ. ಅಲ್ಲಿ ಪಾಪವು ತೊಳೆದರೂ ಹೋಗದ ಕಲೆ. ಇಲ್ಲಿ ಔಷಧಕ್ಕೂ ಮಾಯದ ನೋವು. ಈ ಮಾರ್ಪಾಡು ಮೂಲಕ್ಕೆ ಬರೆದ ವ್ಯಾಖ್ಯಾನವೆನ್ನಲು ಯೋಗ್ಯವಾಗಿದೆ.

ಚಿತ್ರದಲ್ಲಿ ದೋಷವೂ ಉಂಟು. ನಾಟಕದಲ್ಲಿ ಮ್ಯಾಕ್‌ಡಫನ ಹೆಂಡತಿಮಕ್ಕಳ ವಧೆಯಿಂದ ನಾಯಕನ ಅಧಃಪತನದ ಆಳ ತಿಳಿಯುತ್ತದೆ. ಚಿತ್ರದಲ್ಲಿ ಆ ವಧೆಯಿಲ್ಲ. ಕ್ರಿಸ್ಟೋಫರ್ ವಾಕನ್ ಅಭಿನಯಿಸಿದ ಮ್ಯಾಕ್‌ಡಫ್ ಸಸ್ಯಾಹಾರಿಯಾದ ಪೊಲೀಸ್ ಅಧಿಕಾರಿ. ಕಡೆಗೆ ಅಂಗಡಿ ಅವನ ಕೈಸೇರಿ ಅಲ್ಲಿ ಶಾಕಾಹಾರ ಮಾರಾಟವಾಗುತ್ತದೆ. ಚಮತ್ಕಾರವೇನೋ ಸೊಗಸು, ಆದರೆ ಸ್ತ್ರೀಬಾಲರ ಸಾವನ್ನು ಬಿಟ್ಟುದರಿಂದ ಮ್ಯಾಕ್‌ನ ಕ್ರೌರ್ಯಕ್ಕೆ ತೂಕ ಸಾಲದು. ಅವನ ಮರಣವು ಹೆಂಡತಿಯ ಮರಣದಷ್ಟು ಮನಸ್ಸನ್ನು ತಟ್ಟದಿರುವುದು ಇದರಿಂದಲೇ.

ಆದರೂ ನಾಯಕನ ಪದವಿಯು ಗಾಂಭೀರ್ಯಕ್ಕೆ ಸಹಾಯಕವೇ ಹೊರತು ಕರುಣಕ್ಕೆ ಅನಿವಾರ್ಯವಲ್ಲವೆಂಬುದು ಈ ಚಿತ್ರದಿಂದ ಸಿದ್ಧವಾಗುತ್ತದೆ. ‘ಮ್ಯಾಕ್‌ಬೆತ್’ ನಾಟಕದ ಪಾಠಹೇಳುವವರು ಐದನೆಯ ಅಂಕದ ನಿದ್ರಾಸಂಚಾರದ ದೃಶ್ಯವನ್ನು ಪ್ಯಾಟಳ ಸುಟ್ಟ ಕೈಯೊಡನೆ ಹೋಲಿಸಿ ತೋರಿಸಿದರೆ ವಿದ್ಯಾರ್ಥಿಗಳಿಗೆ ಎರಡೂ ಸ್ಪಷ್ಟವಾದಾವು.