ಅಚ್ಚು ಬಿಟ್ಟುಕೊಳ್ಳುವ ಹೊತ್ತು

ಉಲ್ಲಾಳದಲ್ಲಿ ದೋಣಿ ಮಾಡುತ್ತಿದ್ದೇನೆ ಎಂದರೆ ಕೇಳಿದವರು ನೇತ್ರಾವತಿ ಅಳಿವೆಯ ಪಕ್ಕದ ಉಲ್ಲಾಳ ಎಂದುಕೊಳ್ಳುತ್ತಾರೆ. ನನ್ನದು ಜ್ಞಾನಭಾರತಿಯ ಆಚೆಗಿನ, ಬೆಂಗಳೂರಿನ ಉಲ್ಲಾಳ. ಕಡಲು ಇಲ್ಲಿಂದ ಸುಮಾರು 350 ಕಿಲೋಮೀಟರ್. ಆದರೂ ದೋಣಿಗೆ ಬೇಕಾದ ಗಾಜಿನ ನಾರಿನ ಮ್ಯಾಟು, ರೆಸಿನ್ನು, ಅದನ್ನು ಹಚ್ಚುವ ಪಳಗಿದ ಕೈ ಎಲ್ಲವೂ ಪಶ್ಚಿಮ ಬೆಂಗಳೂರಿನಲ್ಲೇ ಸಿಗುತ್ತವೆ. ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ತಗಡಿನ ಶೆಡ್ಡುಗಳಲ್ಲಿ ಫೈಬರ್ ಕೆಲಸ ಮಾಡುವವರಿಗೆ ನೀರಿನ ಟ್ಯಾಂಕು, ಮಕ್ಕಳ ಜಾರುಬಂಡೆ, ಮೂರ್ತಿ, ದೋಣಿ ಎಲ್ಲ ಒಂದೇ ವಿದ್ಯೆ.

ಆ ವಿದ್ಯೆಯ ಬಗ್ಗೆ ನನಗೆ ಗೌರವವಿದೆ, ತಕರಾರೂ ಇದೆ. ರೆಸಿನ್ ಗಟ್ಟಿಯಾಗುವ ಇಪ್ಪತ್ತು ನಿಮಿಷದೊಳಗೆ ಮ್ಯಾಟ್ ಹಾಸಿ, ರೋಲರ್ ಆಡಿಸಿ, ಗಾಳಿಗುಳ್ಳೆಯೊಂದೂ ಉಳಿಯದಂತೆ ಒತ್ತುವ ಕೈಚಳಕ ನೋಡಿದರೆ ಮೆಚ್ಚದೆ ಇರಲಾಗದು. ಅದೇ ಕೈ ಅಚ್ಚು ತಯಾರಿಗೆ ಬಂದಾಗ ಅವಸರಪಡುತ್ತದೆ. ಅಚ್ಚು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಹಾಕಿದ ದಿನಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪದಾರ್ಥ ದೊಡ್ಡದಾದಷ್ಟೂ ಈ ಅವಸರ ದುಬಾರಿಯಾಗುತ್ತದೆ. ಹೆಲ್ಮೆಟ್ಟಿನಷ್ಟು ಗಾತ್ರದ್ದು ಕಚ್ಚಿಕೊಂಡರೆ ಬಡಿದು ಬಿಡಿಸಬಹುದು. ಹನ್ನೆರಡು ಅಡಿ ದೋಣಿ ಕಚ್ಚಿಕೊಂಡರೆ ಅಚ್ಚನ್ನಾದರೂ ಒಡೆಯಬೇಕು, ದೋಣಿಯನ್ನಾದರೂ ಒಡೆಯಬೇಕು.

ನನ್ನ ಮೊದಲ ದೋಣಿ ಹಾಗೇ ಕಚ್ಚಿಕೊಂಡಿತ್ತು. ಕೊನೆಯ ಪದರ ಹಚ್ಚಿ ಎರಡು ದಿನ ಬಿಟ್ಟು ಬಿಡಿಸಲು ಹೋದರೆ ಅಂಚು ನಾಲ್ಕು ಬೆರಳಿನಷ್ಟು ಬಿಟ್ಟುಕೊಂಡು ಅಲ್ಲೇ ನಿಂತಿತು. ಮರದ ಬೆಣೆ ಹೊಡೆದೆ, ರಬ್ಬರ್ ಸುತ್ತಿಗೆಯಿಂದ ತಟ್ಟಿದೆ, ತಾಳ್ಮೆಗೆಟ್ಟು ಕಬ್ಬಿಣದ ಉಳಿ ತೂರಿಸಿದೆ. ಹಿಂಬದಿಯ ಮೂಲೆಯಲ್ಲಿ ಅಂಗೈಯಗಲದ, ಹೊರಮೈಯ ಹೊಳಪಿನ ಪದರವಾದ ಜೆಲ್‌ಕೋಟ್ ದೋಣಿಯಿಂದ ಕಿತ್ತು ಅಚ್ಚಿಗೇ ಅಂಟಿಕೊಂಡಿತು. ಕಾರಣ ಆಮೇಲೆ ಕೂತು ಯೋಚಿಸಿದಾಗ ಸ್ಪಷ್ಟವಾಯಿತು. ಅಚ್ಚಿನ ಹಿಂಬದಿಯ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದ್ದೆ. ಒಂದೆರಡು ಡಿಗ್ರಿಯಷ್ಟಾದರೂ ಹೊರಕ್ಕೆ ವಾಲಿಸಿದ್ದರೆ ದೋಣಿ ಮೇಲೇಳುತ್ತಿದ್ದಂತೆ ಗೋಡೆಯಿಂದ ದೂರವಾಗುತ್ತಿತ್ತು. ನೆಟ್ಟಗಿದ್ದದ್ದರಿಂದ ಕೊನೆಯವರೆಗೂ ಉಜ್ಜಿಕೊಂಡೇ ಬರಬೇಕಾಯಿತು. ಸಾಲದ್ದಕ್ಕೆ ವ್ಯಾಕ್ಸ್ ಮೂರು ಕೋಟ್ ಮಾತ್ರ, ಅದೂ ಒಂದೇ ಸಂಜೆಯಲ್ಲಿ. ಅದರ ಮೇಲೆ ಜಿಟಿಜಿಟಿ ಮಳೆಯಲ್ಲಿ, ದೋಣಿ ಅಚ್ಚಿಗೆ ಅಂಟದಂತೆ ತಡೆಯುವ ಪಿವಿಎ ದ್ರಾವಣ ಹೊಡೆದಿದ್ದೆ. ನೀರಲ್ಲಿ ಕರಗುವ ಆ ಪದಾರ್ಥ ತೇವದ ಗಾಳಿಯಲ್ಲಿ ಒಣಗಿ ಪೊರೆಯಾಗುವುದು ಹೇಗೆ?

ಇವೆಲ್ಲ ನಮ್ಮ ಮನೆಗಳಲ್ಲಿ ಗೊತ್ತಿರುವ ಸಂಗತಿಗಳೇ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವವರು ಮರದ ಅಚ್ಚನ್ನು ಮೊದಲು ನೀರಲ್ಲಿ ನೆನೆಹಾಕುತ್ತಾರೆ. ಮರ ಕುಡಿಯುವಷ್ಟು ನೀರನ್ನು ಮೊದಲೇ ಕುಡಿದಿರುವುದರಿಂದ ಪಾಕ ಅದಕ್ಕೆ ಅಂಟುವುದಿಲ್ಲ. ಬೃಂದಾವನದಂಥ ಆಕಾರಕ್ಕೆ ಅಚ್ಚು ಬಿಡಿಬಿಡಿ ತುಂಡುಗಳಲ್ಲಿರುತ್ತದೆ. ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿದು ಪಾಕ ಹುಯ್ದು, ಗಟ್ಟಿಯಾದ ಮೇಲೆ ಒಂದೊಂದೇ ತುಂಡನ್ನು ಅದರದರ ದಿಕ್ಕಿಗೆ ಸರಿಸುತ್ತಾರೆ. ಎಳೆದಾಡುವುದಿಲ್ಲ. ದೋಣಿಯ ಅಚ್ಚನ್ನು ನಡುವೆ ಸೀಳಿ, ಫ್ಲೇಂಜ್ ಕೊಟ್ಟು ಬೋಲ್ಟ್ ಹಾಕುವುದು ಇದೇ ಲೆಕ್ಕ. ಮೇಲಂಚು ಒಳಕ್ಕೆ ಬಾಗಿದ ದೋಣಿಗೆ ಒಂದೇ ತುಂಡಿನ ಅಚ್ಚು ಮಾಡುವವರು ಈ ಅಚ್ಚುಗಳನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಹೊಸ ಅಚ್ಚಿಗೆ ಆರರಿಂದ ಎಂಟು ಕೋಟ್ ವ್ಯಾಕ್ಸ್ ಬೇಕು. ಒಂದೊಂದನ್ನೂ ಉಜ್ಜಿ ಹೊಳಪು ತಂದು, ಗಂಟೆಯಾದರೂ ಆರಲು ಬಿಟ್ಟು ಮುಂದಿನದನ್ನು ಹಚ್ಚಬೇಕು. ದಪ್ಪಗೆ ಬಳಿದರೆ ಸಾಕೆಂಬ ನಂಬಿಕೆ ತಪ್ಪು. ವ್ಯಾಕ್ಸ್ ಕೆಲಸ ಮಾಡುವುದು ಸೂಕ್ಷ್ಮ ರಂಧ್ರಗಳನ್ನು ಮುಚ್ಚುವುದರಿಂದ. ಮಿಕ್ಕಿ ನಿಂತದ್ದು ದೋಣಿಯ ಮೈಮೇಲೆ ಗೆರೆಯಾಗಿ ಮೂಡುತ್ತದೆ. ಸಿಲಿಕೋನ್ ಇರುವ ಕಾರ್ ಪಾಲಿಶ್ ಬಳಸಿದರೆ ಮುಂದೆ ಆ ಮೈ ಮೇಲೆ ಪೇಂಟ್ ಕೂರುವುದಿಲ್ಲ. ಸಾಕಾಯಿತೋ ಇಲ್ಲವೋ ತಿಳಿಯಲು ಮಾಸ್ಕಿಂಗ್ ಟೇಪ್ ಅಂಟಿಸಿ ನೋಡಿದರಾಯಿತು: ಬಿಗಿಯಾಗಿ ಹಿಡಿದರೆ ಇನ್ನೂ ಒಂದು ಕೋಟ್.

ಅಚ್ಚಿನ ಮೈಕಟ್ಟಿನ ಬಗೆಗೂ ನನ್ನ ತಕರಾರಿದೆ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ನೂರಕ್ಕೆ 5ರಿಂದ 8ರಷ್ಟು ಕುಗ್ಗುತ್ತದೆ. ಒಂದೇ ದಿನ ಆರೇಳು ಪದರ ಏರಿಸಿದರೆ ಕಾವು ಹೆಚ್ಚಿ ಅಚ್ಚು ತಿರುಚಿಕೊಳ್ಳುತ್ತದೆ. ಕಬ್ಬಿಣದ ಚೌಕಟ್ಟನ್ನು ಅಚ್ಚು ಪೂರ್ತಿ ಗಟ್ಟಿಯಾದ ಮೇಲೆ ಕೂರಿಸಬೇಕು; ಹಸಿಯಲ್ಲೇ ಬಿಗಿದರೆ ಕುಗ್ಗುವ ಅಚ್ಚು ಪೈಪುಗಳ ಗುರುತನ್ನು ಹೊತ್ತುಕೊಂಡು ನಿಲ್ಲುತ್ತದೆ, ಪ್ರತಿ ದೋಣಿಯ ಮೈಮೇಲೂ ಅದನ್ನು ಮೂಡಿಸುತ್ತದೆ. ದೋಣಿಗಿಂತ ಅಚ್ಚು ಎರಡು ಪಟ್ಟು ದಪ್ಪ ಇರಲಿ ಎಂದರೆ ದುಂದು ಎನ್ನುತ್ತಾರೆ. ಹತ್ತು ದೋಣಿ ತೆಗೆಯುವ ಅಚ್ಚಿಗೆ ಅದು ದುಂದಲ್ಲ.

ಅವಸರದ ಬೆಲೆ ಏನೆಂದು 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಕಂಡಿತು. ಪರಿಹಾರದ ಹಣದಲ್ಲಿ ಸಾಲುಸಾಲಾಗಿ ಫೈಬರ್ ದೋಣಿಗಳು ತಯಾರಾದವು. ಅವುಗಳಲ್ಲಿ ಹಲವು ದೋಣಿಗಳ ಗುಣಮಟ್ಟದ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ ಎಚ್ಚರಿಸಬೇಕಾಯಿತು. ಅಚ್ಚಿನಿಂದ ಹೊಳೆಯುತ್ತ ಹೊರಬಂದ ದೋಣಿಯ ಒಳಮೈ ಹೇಗಿದೆ ಎಂದು ಕಡಲಿಗಿಳಿದ ಮೇಲೆ ತಿಳಿದರೆ ಮೀನುಗಾರನಿಗೆ ಏನು ಪ್ರಯೋಜನ?

ಅವಸರಪಡದ ಕೆಲಸದ ಮಾದರಿ ದೂರವಿಲ್ಲ. ಇದೇ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ, ಮೈಯೆಲ್ಲ ಕಾಂಪೊಸಿಟ್ ಆಗಿರುವ ಎರಡು ಸೀಟಿನ ಹಂಸ ವಿಮಾನ ಮೊದಲು ಹಾರಿದ್ದು 1993ರಲ್ಲಿ. ಅಲ್ಲಿನ ಯಂತ್ರಗಳು ನಮ್ಮ ಶೆಡ್ಡುಗಳಿಗೆ ಬೇಡ. ಆದರೆ ಯಾವ ಡಬ್ಬಿಯ ರೆಸಿನ್, ಎಷ್ಟು ಹಾರ್ಡನರ್, ಆ ದಿನದ ಶಾಖ ಎಷ್ಟು ಎಂದು ಬರೆದಿಡದೆ ಒಂದು ಭಾಗವನ್ನೂ ಮಾಡದ ವಿಮಾನ ಕೆಲಸದ ಶಿಸ್ತು ಬೇಕು. ಅದಕ್ಕೆ ನಲವತ್ತು ರೂಪಾಯಿಯ ನೋಟ್‌ಬುಕ್ ಸಾಕು. ಡಿಸೆಂಬರಿನ ಬೆಳಗಿನ ಚಳಿಗೆ ನೂರಕ್ಕೆ 2ರ ಹತ್ತಿರ ಹಾರ್ಡನರ್ ಬೇಡುವ ರೆಸಿನ್ ಏಪ್ರಿಲ್ ಮಧ್ಯಾಹ್ನ 1ಕ್ಕೇ ಬಕೆಟ್ಟಿನಲ್ಲಿ ಕುದಿಯುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡ ಮೇಸ್ತ್ರಿ ಊರಿಗೆ ಹೋದರೆ ಲೆಕ್ಕವೂ ಅವರೊಂದಿಗೇ ಹೋಗುತ್ತದೆ.

ನನಗೆ ಅತಿ ನೋವು ಕೊಡುವುದು ಈ ಶೆಡ್ಡುಗಳಲ್ಲಿ ಕೆಲಸ ಮಾಡುವ ಹುಡುಗರ ಉಸಿರು. ಮೂಗಿಗೆ ಕಟ್ಟಿದ ಕರ್ಚೀಫು ರೆಸಿನ್ನಿನಿಂದ ಏಳುವ ಸ್ಟೈರೀನ್ ಹೊಗೆಯನ್ನು ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಬೇಕು. ರೆಸಿನ್ ಬೇಗ ಗಟ್ಟಿಯಾಗಲೆಂದು ಸೇರಿಸುವ ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತೀತು, ಸಿಡಿದೀತು. ಎರಡು ಬಾಟಲಿಗಳೂ ಒಂದೇ ಕಿಟಕಿಯ ಅಂಚಿನಲ್ಲಿ ಪಕ್ಕಪಕ್ಕ ಇರುವುದನ್ನು ಕಂಡಿದ್ದೇನೆ. ಕೆಲಸ ಎಷ್ಟೇ ಅಂದವಾಗಿ ಬರಲಿ, ಇದನ್ನು ಸರಿಪಡಿಸದ ಶೆಡ್ಡನ್ನು ನಾನು ಒಳ್ಳೆಯ ಶೆಡ್ಡು ಎನ್ನಲಾರೆ.

ಎರಡನೆಯ ದೋಣಿಗೆ ಅಚ್ಚಿನ ಹಿಂಬದಿಯನ್ನು ವಾಲಿಸಿ ಮತ್ತೆ ಕಟ್ಟಿದೆ. ತಳದಲ್ಲಿ ಸಣ್ಣ ತೂತು ಕೊರೆದು, ಜೆಲ್‌ಕೋಟಿಗೆ ಮೊದಲು ಟೇಪಿನಿಂದ ಮುಚ್ಚಿದೆ. ಬಿಡಿಸುವ ದಿನ ನನ್ನ ಕೈ ಅಭ್ಯಾಸಬಲದಿಂದ ಸುತ್ತಿಗೆಯ ಕಡೆ ಹೋಯಿತು. ಸಹಾಯಕ್ಕೆ ಬಂದಿದ್ದ ಹಿರಿಯ ಮೇಸ್ತ್ರಿ, "ಸಾರ್, ಅದನ್ನ ಕೆಳಗಿಡಿ. ನೀರು ಬಿಡೋಣ," ಎಂದರು. ನೀರಿಗೆ ಚದರ ಸೆಂಟಿಮೀಟರಿಗೆ ಬರೀ 100 ಗ್ರಾಂ ಒತ್ತಡವಿದ್ದರೂ ಒಂದು ಚದರ ಮೀಟರಿನ ಮೇಲೆ ಅದು ಸಾವಿರ ಕಿಲೋ ಭಾರಕ್ಕೆ ಸಮ. ಯಾವ ಸುತ್ತಿಗೆಯೂ ಅಷ್ಟು ಸಮವಾಗಿ ಒತ್ತಲಾರದು. ಅಂಚಿನಲ್ಲಿ ನಾಲ್ಕು ಪ್ಲಾಸ್ಟಿಕ್ ಬೆಣೆಗಳನ್ನು ಕೈಯಿಂದಲೇ ಒತ್ತಿ, ತೂತಿಗೆ ತೋಟದ ಪೈಪು ಸಿಕ್ಕಿಸಿ ನಲ್ಲಿ ತಿರುಗಿಸಿದೆವು. ಒಳಗೆಲ್ಲೋ ಟಪ್ ಟಪ್ ಎಂದಿತು. ಸ್ವಲ್ಪ ಹೊತ್ತಿಗೆ ಪಿವಿಎಯ ಬಣ್ಣ ಕರಗಿದ ಹಸಿರು ನೀರು ಅಂಚಿನ ಸುತ್ತ ಜಿನುಗತೊಡಗಿತು. ಮೇಸ್ತ್ರಿ ಎರಡು ಬೆರಳಿನಿಂದ ದೋಣಿಯ ಮೂತಿಯನ್ನು ಮೆಲ್ಲಗೆ ತಳ್ಳಿದರು. ಅದು ಅಚ್ಚಿನೊಳಗೇ, ಆ ಬೆರಳುದ್ದ ನೀರಿನಲ್ಲಿ, ತೇಲುತ್ತ ಪಕ್ಕಕ್ಕೆ ಸರಿಯಿತು.